ಮರದ್ದು ಬೇಕಾ, ಕೊಟ್ಟಿಗೆದು ಬೇಕಾ?

ನಮ್ಮ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಇರುವುದು ಎರಡೇ ಮಂಚ. ಒಂದು ಕಿಟಕಿಯ ಪಕ್ಕ, ಇನ್ನೊಂದು ಬಾಗಿಲ ಪಕ್ಕ. ನಡುವೆ ಹಸಿರು ಪರದೆ. ಅದರ ಕೊಂಡಿಗಳು ಅರ್ಧದಷ್ಟು ಉದುರಿಹೋಗಿ, ಪರದೆ ಯಾವಾಗಲೂ ಒಂದು ಕಡೆ ಜೋತುಬಿದ್ದಿರುತ್ತದೆ. ಈ ಎರಡು ಮಂಚಗಳ ನಡುವೆ ಮೂವತ್ತೊಂದು ವರ್ಷ ಓಡಾಡಿದವಳು ದೊಡ್ಡಕ್ಕ. ಹಾಗೆ ನೋಡಿದರೆ ಅವಳು ಯಾರ ಅಕ್ಕನೂ ಅಲ್ಲ, ಮನೆಗೆ ಒಬ್ಬಳೇ ಮಗಳು. ಆದರೆ ದೊಡ್ಡ ಡಾಕ್ಟರಮ್ಮನಿಂದ ಹಿಡಿದು ನೆಲ ಒರೆಸುವವಳ ತನಕ ಎಲ್ಲರಿಗೂ ದೊಡ್ಡಕ್ಕ. ಹೆರಿಗೆ ಮಾಡಿಸುವುದು ಅವಳ ಕೆಲಸ, ಕಥೆ ಹೇಳುವುದು ಅವಳ ಚಟ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಎರಡೂ ಒಂದೇ ಕೆಲಸ ಎಂದು ತಿಳಿಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ನಾನು ಸ್ವಲ್ಪ ನಿಧಾನ.

ನನ್ನ ಬಗ್ಗೆಯೂ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಚ್ಚಿಟ್ಟಳು ಅನ್ನಬಾರದು. ಆ ವಾರ್ಡಿನ ಉಸ್ತುವಾರಿ ನರ್ಸ್ ನಾನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾನೆ, ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಥೆ, ಕನಸು, ಶಕುನ ಇವುಗಳನ್ನೆಲ್ಲ ನಾನು ನಂಬುವವಳಲ್ಲ. ನಾನು ನಂಬುವುದು ಚಾರ್ಟನ್ನು. ಮಂಚದ ಕಾಲ್ದೆಸೆಯಲ್ಲಿ ನೇತುಹಾಕಿದ ರಟ್ಟಿನ ಮೇಲೆ ಏನು ಬರೆದಿದೆಯೋ ಅದು ಸತ್ಯ, ಉಳಿದದ್ದೆಲ್ಲ ಬಾಯಿಮಾತು. ಹೀಗೆ ಬೀಗುತ್ತಿದ್ದವಳ ಜಂಬ ಹೇಗೆ ಇಳಿಯಿತು ಎಂಬುದನ್ನೂ ಇಲ್ಲೇ ಹೇಳುತ್ತೇನೆ.

ದೊಡ್ಡಕ್ಕನಿಗೆ ಇಬ್ಬರು ಅಜ್ಜಿಯರು. ಎಲ್ಲರಿಗೂ ಇರುತ್ತಾರೆ, ಅದರಲ್ಲೇನು ಅನ್ನಬೇಡಿ. ಅಮ್ಮನ ಅಮ್ಮ ಕ್ರೈಸ್ತಳು, ಅಪ್ಪನ ಅಮ್ಮ ಮುಸ್ಲಿಂ. ಮಕ್ಕಳು ತಾವಾಗಿಯೇ ಮದುವೆ ಮಾಡಿಕೊಂಡಾಗ ಇಬ್ಬರೂ ಒಂದೇ ದನಿಯಲ್ಲಿ ಬೇಡವೆಂದಿದ್ದರಂತೆ. ಅವರಿಬ್ಬರ ಅಭಿಪ್ರಾಯ ಕೂಡಿಬಂದದ್ದು ಅದೊಂದೇ ಸಲ. ನಾಲ್ಕು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಕೊನೆಗೆ ಮಗು ಹುಟ್ಟಿದ ಸುದ್ದಿ ಕೇಳಿ, ಬಾಣಂತಿಯನ್ನು ನೋಡಿಕೊಳ್ಳಲು ನಾನು ಬಂದೆ ಎಂದು ಒಬ್ಬಳು ಬೆಳಗ್ಗೆ ಪೆಟ್ಟಿಗೆ ಸಮೇತ ಬಂದಿಳಿದಳು. ಮಧ್ಯಾಹ್ನಕ್ಕೆ ಇನ್ನೊಬ್ಬಳೂ ಪೆಟ್ಟಿಗೆ ಸಮೇತ ಬಂದಿಳಿದಳು. ಅವಳು ಹೋಗಲಿ, ಆಮೇಲೆ ನಾನು ಹೋಗುತ್ತೇನೆ ಎಂದು ಇಬ್ಬರೂ ಕಾದರು. ಕಾಯುತ್ತಾ ಇಪ್ಪತ್ತೆರಡು ವರ್ಷ ಅಲ್ಲೇ ಉಳಿದರು.

ಮನೆಯ ಹಿಂದಿನ ಎರಡು ಕೋಣೆಗಳು ಇಬ್ಬರಿಗೆ. ನಡುವಿನ ಗೋಡೆ ಎಷ್ಟು ತೆಳುವೆಂದರೆ ಈ ಕಡೆ ಕೆಮ್ಮಿದರೆ ಆ ಕಡೆ ನಿದ್ದೆ ಹಾಳು. ಮೊಮ್ಮಗಳನ್ನು ತಮ್ಮ ಕಡೆ ಎಳೆದುಕೊಳ್ಳಲು ಇಬ್ಬರಿಗೂ ಇದ್ದದ್ದು ಒಂದೇ ಬಂಡವಾಳ, ಒಬ್ಬ ತಾಯಿಯ ಕಥೆ. ಬೆಳಗ್ಗೆ ತಲೆ ಬಾಚುವಾಗ ಕ್ರೈಸ್ತ ಅಜ್ಜಿ ಕೊಟ್ಟಿಗೆಯ ಕಥೆ ಹೇಳುವಳು. ತುಂಬಿದ ಊರು, ಛತ್ರದಲ್ಲಿ ಜಾಗವಿಲ್ಲ, ಮರಿಯಮ್ಮನೂ ಅವಳ ಗಂಡನೂ ಕೊಟ್ಟಿಗೆಗೆ ಬಂದರು, ಹಸುವಿನ ಉಸಿರು ಬೆಚ್ಚಗಿತ್ತು, ಮೇವಿನ ಗೋದಲಿಯಲ್ಲಿ ಮಗುವನ್ನು ಮಲಗಿಸಿದಳು. ಮಧ್ಯಾಹ್ನ ಉಂಡು ಒರಗಿದಾಗ ಮುಸ್ಲಿಂ ಅಜ್ಜಿ ಮರದ ಕಥೆ ಹೇಳುವಳು. ಬೀಬಿ ಮರ್ಯಮ್ ಒಬ್ಬಳೇ ಊರಿನಿಂದ ದೂರ ಹೋದಳು, ಹೆರಿಗೆ ನೋವು ಅವಳನ್ನು ಖರ್ಜೂರದ ಮರದ ಬುಡಕ್ಕೆ ತಂದಿತು, ಇದಕ್ಕಿಂತ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎಂದು ಅತ್ತಳು. ಆಗ ಕೆಳಗಿನಿಂದ ಒಂದು ದನಿ ಬಂತು. ದುಃಖಪಡಬೇಡ, ನಿನ್ನ ಕಾಲಬಳಿ ತೊರೆಯಿದೆ, ಮರದ ಕಾಂಡ ಹಿಡಿದು ಅಲುಗಿಸು, ಹಣ್ಣು ಉದುರುತ್ತದೆ, ತಿನ್ನು, ಕುಡಿ, ಕಣ್ಣು ತಂಪಾಗಲಿ. ಯಾರಾದರೂ ಕೇಳಿದರೆ ಇವತ್ತು ಮಾತಾಡುವುದಿಲ್ಲವೆಂದು ಹರಕೆ ಹೊತ್ತಿದ್ದೇನೆ ಎಂದು ತಿಳಿಸು.

ಏಳು ವರ್ಷದ ತನಕ ದೊಡ್ಡಕ್ಕ ಇವರಿಬ್ಬರು ಬೇರೆ ಬೇರೆ ಹೆಂಗಸರು, ಪ್ರಾಯಶಃ ಅಕ್ಕಪಕ್ಕದ ಮನೆಯವರು ಎಂದುಕೊಂಡಿದ್ದಳು. ಒಂದು ದಿನ ಊಟದ ಹೊತ್ತಿಗೆ, ಎರಡೂ ಕಥೆಯ ಮಗು ಒಂದೇ ಎಂದು ತಾಳೆಹಾಕಿ ನೋಡಿ, ತಟ್ಟೆ ಬಿಟ್ಟು ಎದ್ದು ನಿಂತು ಕೇಳಿದಳಂತೆ.

"ಅಂದ್ರೆ ಇಬ್ರೂ ಒಬ್ಳೇನಾ? ಹಾಗಾದ್ರೆ ಒಂದೇ ಮಗೂನ ಎರಡು ಸಲ ಹೆತ್ತಳಾ?"

ಇಬ್ಬರು ಅಜ್ಜಿಯರೂ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಗಲು ಶುರುಮಾಡಿದವರು ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ದಿನದಿಂದ ಅವರಲ್ಲಿ ಜಗಳ ನಿಂತಿತು ಎಂದೇನಿಲ್ಲ. ಜಗಳಕ್ಕೆ ರುಚಿ ಬಂತು ಅಷ್ಟೆ.

"ನಿಮ್ಮ ಕಥೇಲಿ ಪಾಪ ಅವಳ ಜೊತೆ ಯಾರೂ ಇಲ್ವಲ್ಲ" ಎಂದು ಒಬ್ಬಳು.

"ನಿಮ್ಮ ಕಥೇಲಿ ಗಂಡ ಇದ್ದ ತಾನೆ? ಒಂದು ರೂಮು ಹುಡುಕೋಕೆ ಆಯ್ತಾ ಅವನಿಗೆ?" ಎಂದು ಇನ್ನೊಬ್ಬಳು.

ಇಬ್ಬರೂ ಹೋಗುವ ಮುಂಚೆ ಮೊಮ್ಮಗಳಿಂದ ಒಂದೇ ಮಾತು ತೆಗೆದುಕೊಂಡರು. ನನ್ನದನ್ನು ನನ್ನದಾಗಿ ಹೇಳು, ಅವಳದ್ದನ್ನು ಅವಳದ್ದಾಗಿ ಹೇಳು, ಎರಡನ್ನೂ ಕಲಸಬೇಡ. ಒಬ್ಬಳನ್ನು ಒಂದು ಸ್ಮಶಾನದಲ್ಲಿ ಮಣ್ಣು ಮಾಡಿದರು, ಇನ್ನೊಬ್ಬಳನ್ನು ಊರಿನ ಆ ಕೊನೆಯ ಇನ್ನೊಂದರಲ್ಲಿ. ಅಷ್ಟು ವರ್ಷ ಗೋಡೆಯಾಚೆಗಿನ ಕೆಮ್ಮು ಕೇಳಿಕೊಂಡೇ ಬದುಕಿದವರು ಕೊನೆಗೆ ಮೂರು ಮೈಲಿ ದೂರ ಮಲಗಿದ್ದಾರೆ ಎಂದು ದೊಡ್ಡಕ್ಕ ಒಮ್ಮೆ ಹೇಳಿದ್ದಳು.

ಈ ಎರಡು ಕಥೆಗಳನ್ನು ಅವಳು ಹೆರಿಗೆ ಕೋಣೆಗೆ ತಂದಳು. ತಂದದ್ದಷ್ಟೇ ಅಲ್ಲ, ಕೆಲಸಕ್ಕೆ ಹಚ್ಚಿದಳು. ಕೊಟ್ಟಿಗೆಯ ಕಥೆಯಲ್ಲಿ ಹಸು ಬಂದಾಗ, "ಹಸು ಹೇಗೆ ಉಸಿರು ಬಿಡುತ್ತೆ ಮಗಳೇ? ಬಿಡು ನೋಡೋಣ, ನಿಧಾನಕ್ಕೆ, ಬೆಚ್ಚಗೆ" ಅನ್ನುವಳು. ಹೆಂಗಸು ಉಸಿರು ಬಿಡುತ್ತಾ ಬಿಡುತ್ತಾ ಮೈ ಸಡಿಲ ಮಾಡುವಳು. ಮರದ ಕಥೆಯಲ್ಲಿ ದನಿ ಬಂದಾಗ, ಮಂಚದ ತಲೆಬದಿಯ ಕಬ್ಬಿಣದ ಸರಳಿಗೆ ಅವಳ ಕೈ ಹಿಡಿಸಿ, "ಇದೇ ಮರ. ಹಿಡಿ. ಅಲುಗಿಸು. ಅವಳು ಏನಂದ್ಲೋ ನೀನೂ ಅನ್ನು, ಜೋರಾಗಿ" ಅನ್ನುವಳು. ಮಂಚ ಗಡಗಡ ಅನ್ನುತ್ತಿತ್ತು. ಆ ಮಂಚಗಳ ಬೋಲ್ಟುಗಳನ್ನು ಬಿಗಿ ಮಾಡಿಸುವುದೇ ನನಗೆ ತಿಂಗಳಿಗೊಂದು ಕೆಲಸವಾಗಿತ್ತು.

ಅವಳ ಇನ್ನೊಂದು ಉಪಾಯವನ್ನು ನಾನು ತಡವಾಗಿ ಗಮನಿಸಿದೆ. ನೋವು ಬಂದ ಕೂಡಲೇ ಕಥೆಯನ್ನು ವಾಕ್ಯದ ನಡುವೆಯೇ ನಿಲ್ಲಿಸಿಬಿಡುವಳು. ನೋವು ಇಳಿದ ಮೇಲೆ ಬಿಟ್ಟ ಪದದಿಂದಲೇ ಎತ್ತಿಕೊಳ್ಳುವಳು.

"ಮುಂದೇನಾಯ್ತು ಅಂತ ಕಾಯ್ತಾ ಇರೋ ಹೆಂಗಸಿಗೆ ಹೆದರೋಕೆ ಪುರುಸೊತ್ತು ಎಲ್ಲಿರುತ್ತೆ?" ಎಂದು ಒಮ್ಮೆ ಕೈ ತೊಳೆಯುತ್ತಾ ಹೇಳಿದಳು.

ಕ್ರೈಸ್ತರಿಗೆ ಕೊಟ್ಟಿಗೆಯದು, ಮುಸ್ಲಿಮರಿಗೆ ಮರದ್ದು. ಅದರಲ್ಲಿ ರಾಜಿಯಿಲ್ಲ. ಎರಡೂ ಅಲ್ಲದವರನ್ನು ಹೋಟೆಲಿನವನು ಕೇಳುವ ಹಾಗೆ ಕೇಳುವಳು, "ಮರದ್ದು ಬೇಕಾ, ಕೊಟ್ಟಿಗೆದು ಬೇಕಾ?" ಗಂಡನ ಮೇಲೆ ಮುನಿದವರೆಲ್ಲ ಮರದ್ದೇ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಗಂಡನ ಮೇಲೆ ಮುನಿಯದವರು ಕಡಿಮೆ.

ಇನ್ನು ಆ ದಿನದ ವಿಷಯ. ಬಿಸಿಲು ಸುಡುತ್ತಿತ್ತು. ಕಿಟಕಿಯ ಮಂಚದಲ್ಲಿ ಒಬ್ಬ ಕ್ರೈಸ್ತ ಮನೆಯ ಸೊಸೆ. ಇಪ್ಪತ್ತಾರು ವರ್ಷ, ಚೊಚ್ಚಲು. ಬೆಳಗ್ಗೆಯಿಂದ ಏನು ಕೇಳಿದರೂ "ಹ್ಞೂಂ" ಬಿಟ್ಟು ಬೇರೆ ಮಾತಿಲ್ಲ. ನೋವು ಬಂದಾಗ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ಕೆಳತುಟಿಯಲ್ಲಿ ರಕ್ತ ಬಂದಿತ್ತು. ಬಾಗಿಲ ಹೊರಗೆ ಬೆಂಚಿನ ಮೇಲೆ ಅವಳ ಅತ್ತೆ. ಬೆನ್ನು ನೆಟ್ಟಗೆ, ಕೈಯಲ್ಲಿ ಮರಿಯ ಮಾತೆಯ ಪುಟ್ಟ ಚಿತ್ರ. ಅರ್ಧ ಗಂಟೆಗೊಮ್ಮೆ ಬಾಗಿಲು ತುಸು ಸರಿಸಿ ಒಂದೇ ಪಾಠ ಒಪ್ಪಿಸುತ್ತಿದ್ದರು.

"ನೋಡಮ್ಮಾ, ಮಾತೆ ಹೆರುವಾಗ ಒಂದು ಶಬ್ದ ಮಾಡ್ಲಿಲ್ಲ. ನಮ್ಮ ಮನೇಲಿ ಯಾರೂ ಮಾಡಿಲ್ಲ. ನೀನೂ ಬಾಯಿ ಬಿಗಿ ಹಿಡ್ಕೋ."

"ಹ್ಞೂಂ" ಎನ್ನುವಳು ಸೊಸೆ.

ಬಾಗಿಲ ಮಂಚದಲ್ಲಿದ್ದವಳು ಮುಸ್ಲಿಂ ಹೆಂಗಸು. ಅವಳಿಗೂ ಇಪ್ಪತ್ತಾರು, ಅವಳದ್ದೂ ಚೊಚ್ಚಲು. ಶಾಲೆಯ ಟೀಚರ್. ನೋವಿನ ನಡುವೆಯೂ ನನ್ನ ಕೈಬರಹ ಸರಿಯಿಲ್ಲ ಎಂದು ತಪ್ಪು ತೋರಿಸಿದವಳು. ಮಧ್ಯಾಹ್ನ ಒಂದೂವರೆಗೆ ಕಿಟಕಿಯ ಮೇಲಿನ ಫ್ಯಾನು ನಿಂತುಹೋಯಿತು. ಈ ಕಡೆ ಸೊಸೆ ಬೆವರಿನಲ್ಲಿ ತೋಯ್ದು ತೊಪ್ಪೆಯಾಗಿದ್ದಾಳೆ. ಆ ಕಡೆ ಟೀಚರಿಗೆ ಓಡುತ್ತಿದ್ದ ಇನ್ನೊಂದು ಫ್ಯಾನಿನ ಕೆಳಗೆ ಚಳಿ ಹತ್ತಿ ಹಲ್ಲು ಕಟಕಟ ಅನ್ನುತ್ತಿದೆ. ನಾನು ಕ್ಷಣವೂ ಯೋಚಿಸದೆ ಇಬ್ಬರನ್ನೂ ಎಬ್ಬಿಸಿ, ಮಂಚ ಅದಲುಬದಲು ಮಾಡಿ ಮಲಗಿಸಿದೆ. ಎಂಥ ಜಾಣೆ ನಾನು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಆದರೆ ಚಾರ್ಟುಗಳು? ಅವು ಇದ್ದಲ್ಲೇ ಇದ್ದವು. ಹೆಂಗಸರು ಹೋದರು, ಹೆಸರುಗಳು ಮಂಚಕ್ಕೇ ಅಂಟಿಕೊಂಡು ಉಳಿದವು.

ಬೆಳಗ್ಗೆಯಿಂದ ಆಪರೇಶನ್ ಕೋಣೆಯಲ್ಲಿದ್ದ ದೊಡ್ಡಕ್ಕ ಎರಡು ಗಂಟೆಗೆ ಬಂದಳು. ಇಬ್ಬರಲ್ಲಿ ಯಾರನ್ನೂ ಅವಳು ಅದಕ್ಕೆ ಮೊದಲು ಕಂಡಿರಲಿಲ್ಲ. ಎರಡೂ ಚಾರ್ಟು ಓದಿದಳು, ಕೈ ತೊಳೆದಳು, ಪರದೆ ಎಳೆದಳು, ಕೆಲಸ ಶುರುಮಾಡಿದಳು. ನೋವಿನಲ್ಲಿರುವವರಿಗೆ ಅವಳು ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರೂ ಮಗಳೇ. ಕಥೆಯಲ್ಲಿಯೂ ಬರೀ "ಆ ತಾಯಿ". ಹಾಗಾಗಿ ಟೀಚರಿಗೆ ಕೊಟ್ಟಿಗೆ ಸಿಕ್ಕಿತು. ಅವಳು ಹಸುವಿನ ಹಾಗೆ ಉಸಿರು ಬಿಟ್ಟು ಮೂರು ಗಂಟೆ ಹೊಡೆಯುವ ಮೊದಲೇ ಸಲೀಸಾಗಿ ಗಂಡುಮಗುವನ್ನು ಹೆತ್ತಳು. ಸೊಸೆಗೆ ಮರ ಸಿಕ್ಕಿತು.

ನಾನು ಔಷಧಿ ಕಪಾಟಿನ ಹತ್ತಿರ ನಿಂತಿದ್ದೆ. ಪರದೆಯ ಆಚೆಯಿಂದ ಬಂದ ಕೂಗಿಗೆ ಕೈಯಲ್ಲಿದ್ದ ಬಾಟಲಿ ಜಾರಿತು.

"ಇದಕ್ಕಿಂತ ಮೊದ್ಲೇ ಸತ್ತು ಹೋಗಿದ್ರೆ ಚೆನ್ನಾಗಿತ್ತು! ಯಾರಿಗೂ ನನ್ನ ನೆನಪೇ ಇರಬಾರದಿತ್ತು!"

ಒಂದು ಸಲವಲ್ಲ, ಆರೇಳು ಸಲ. ಮಂಚ ಗಡಗಡ. ಬೆಳಗ್ಗೆಯಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದವಳ ಗಂಟಲಲ್ಲಿ ಇಂಥ ದನಿ ಇತ್ತೇ ಎಂದು ನನಗೆ ಬೆರಗು. ಬೆಳಗ್ಗೆಯಿಂದ ಒಂದಿಂಚೂ ಕೆಳಗಿಳಿಯದ ಮಗು ನಾಲ್ಕು ಗಂಟೆಗೆ ಹೊರಬಂತು. ಹೆಣ್ಣುಮಗು, ಮೂರು ಕಿಲೋಗೆ ಸ್ವಲ್ಪ ಮೇಲೆ, ತಾಯಿಯಷ್ಟೇ ಗಟ್ಟಿ ದನಿ. ಸೊಸೆ ಬೆವರಿನಲ್ಲೇ ನಗುತ್ತಿದ್ದಳು. ಅವಳ ಹಲ್ಲು ನಾನು ನೋಡಿದ್ದು ಆಗಲೇ.

ರಿಜಿಸ್ಟರಿನಲ್ಲಿ ಬರೆಯಲು ಹೋದಾಗ ನನಗೆ ಹೊಳೆಯಿತು. ಚಾರ್ಟು ಬದಲಾಯಿಸಿರಲಿಲ್ಲ. ಪುಣ್ಯಕ್ಕೆ ಅಷ್ಟು ಹೊತ್ತಿನಲ್ಲಿ ಯಾರಿಗೂ ಸೂಜಿ ಚುಚ್ಚಿರಲಿಲ್ಲ, ಮಾತ್ರೆ ಕೊಟ್ಟಿರಲಿಲ್ಲ. ಮಕ್ಕಳ ಕೈಗೆ ಪಟ್ಟಿ ಕಟ್ಟುವ ಮೊದಲು ಚಾರ್ಟು ಎರಡನ್ನೂ ಸರಿಯಾದ ಮಂಚಕ್ಕೆ ಹಾಕಿದೆ. ತಿರುಗಿದರೆ ದೊಡ್ಡಕ್ಕ ನೋಡುತ್ತಿದ್ದಾಳೆ. ಅವಳ ಮುಖದ ಬಣ್ಣ ಇಳಿದಿತ್ತು. ಅಜ್ಜಿಯರಿಗೆ ಕೊಟ್ಟ ಮಾತು ತಪ್ಪಿದ್ದು ಅವಳಿಗೆ ತಾಗಿತ್ತು.

ಬಾಗಿಲಾಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ ಬಿಡಲಿಲ್ಲ. ಮರುದಿನ ಬೆಳಗ್ಗೆಯೇ ದೊಡ್ಡ ಡಾಕ್ಟರಮ್ಮನ ಮೇಜಿನ ಮೇಲೆ ಎರಡು ಪುಟದ ದೂರು ಬಿತ್ತು. ನಮ್ಮ ಸೊಸೆಗೆ ಬೇರೆ ಧರ್ಮದ ಕಥೆ ಹೇಳಿದ್ದಾರೆ. ಮಾತೆಯ ಬಾಯಲ್ಲಿ ಇಲ್ಲದ ಮಾತು ಹಾಕಿದ್ದಾರೆ. ನಮ್ಮ ಮನೆಗೆ ಬಂದದ್ದಕ್ಕಿಂತ ಸಾಯುವುದೇ ಮೇಲಿತ್ತು ಎಂದು ನಮ್ಮ ಸೊಸೆ ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗುವ ಹಾಗೆ ಮಾಡಿದ್ದಾರೆ. ಆ ಹೆಂಗಸನ್ನು ಹೆರಿಗೆ ಕೋಣೆಯಿಂದ ತೆಗೆಯಬೇಕು.

ದೊಡ್ಡ ಡಾಕ್ಟರಮ್ಮ ಕೆಟ್ಟವರಲ್ಲ, ಆದರೆ ಅವರಿಗೆ ಕಾಗದ ಕಂಡರೆ ಭಯ. ದೊಡ್ಡಕ್ಕನನ್ನು ಕರೆಸಿ ಹೇಳಿದರು, "ನಾಡಿದ್ದು ಹನ್ನೊಂದು ಗಂಟೆಗೆ ಅವರ ಮನೆಯವರ ಮುಂದೆ ವಿವರಣೆ ಕೊಡಿ. ಸರಿಯಾದ ವಿವರಣೆ ಇಲ್ಲದಿದ್ರೆ ನಿಮ್ಮನ್ನ ಬಟ್ಟೆ ಕೋಣೆಗೆ ಹಾಕಬೇಕಾಗುತ್ತೆ."

ಬಟ್ಟೆ ಕೋಣೆ ಅಂದರೆ ನೆಲಮಾಳಿಗೆ. ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ಮಡಚಿ ಪೇರಿಸುವುದು, ಹರಿದದ್ದನ್ನು ಬೇರೆ ಇಡುವುದು. ಅಲ್ಲಿ ಮಾತಾಡಲು ಗೋಡೆ ಬಿಟ್ಟರೆ ಬೇರೆ ಗತಿಯಿಲ್ಲ.

ನಾನು ಅವಳನ್ನು ಕೈ ತೊಳೆಯುವ ಜಾಗದಲ್ಲಿ ಹಿಡಿದೆ. "ದೊಡ್ಡಕ್ಕ, ನಾನು ಹೇಳ್ತೀನಿ. ಮಂಚ ಬದಲಾಯಿಸಿದ್ದು ನಾನು, ಚಾರ್ಟು ಮರೆತಿದ್ದು ನಾನು."

"ಬಾಯಿ ಮುಚ್ಕೊಂಡಿರು" ಅಂದಳು ಸೋಪು ಹಚ್ಚುತ್ತಾ. "ನಿನಗೆ ಆಗ್ಲೇ ಒಂದು ಮೆಮೊ ಬಂದಿದೆ. ಚಾರ್ಟು ಅದಲುಬದಲಾಯ್ತು ಅಂದ್ರೆ ನಿನ್ನ ಕೆಲಸಾನೇ ಹೋಗುತ್ತೆ. ನನ್ನದು ಹೋದ್ರೆ ಬರೀ ಕೋಣೆ ಹೋಗುತ್ತೆ."

"ಬರೀ ಕೋಣೆ ಅಂತೀಯಲ್ಲ!"

ಅವಳು ನಲ್ಲಿ ನಿಲ್ಲಿಸಿದಳು. ಸ್ವಲ್ಪ ಹೊತ್ತು ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಜ್ಜಿಯರಿಬ್ರೂ ನನಗೆ ಒಟ್ಟಿಗೆ ಸಿಗೋದು ಅಲ್ಲಿ ಮಾತ್ರ ಕಣೇ" ಅಂದಳು. "ಈ ಮಂಚದಲ್ಲಿ ಒಬ್ಳು, ಆ ಮಂಚದಲ್ಲಿ ಒಬ್ಳು, ನಡುವೆ ಪರದೆ. ಥೇಟ್ ನಮ್ಮ ಮನೆ ಹಾಗೇ."

ನನಗೆ ಅಳು ಬಂತು. ಜೊತೆಗೆ, ಹೇಳಲು ನಾಚಿಕೆಯಾಗುತ್ತದೆ, ಹೊಟ್ಟೆಯೊಳಗೆ ಎಲ್ಲೋ ಸಮಾಧಾನವೂ ಆಯಿತು. ಅವಳೇ ಬೇಡ ಅಂದಳಲ್ಲ, ಇನ್ನು ನಾನೇನು ಮಾಡಲಿ ಎಂದು ಎರಡು ದಿನ ಚೆನ್ನಾಗಿ ಉಂಡೆ. ಇಷ್ಟು ಸಣ್ಣ ಮನಸ್ಸು ನನ್ನದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಈ ನಡುವೆ ಟೀಚರ್ ಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ಕರೆದು ಕೇಳಿದಳು. "ಸಿಸ್ಟರ್, ಕೊಟ್ಟಿಗೆ, ಹಸು ಎಲ್ಲ ಇತ್ತು ಅಂತ ನಮಗೆ ಯಾರೂ ಹೇಳೇ ಇರ್ಲಿಲ್ಲ. ಚೆನ್ನಾಗಿತ್ತು. ಪಾಪ, ಆ ತಾಯಿಗೆ ಜೊತೆಗೆ ಯಾರೋ ಇದ್ರಲ್ಲ ಅಂತ ಖುಷಿಯಾಯ್ತು." ನಾನು ಕೆಮ್ಮಿ ಆಚೆ ಹೋದೆ.

ಮೂರನೆಯ ದಿನ ಹನ್ನೊಂದು ಗಂಟೆ. ದೊಡ್ಡ ಡಾಕ್ಟರಮ್ಮನ ಕೋಣೆಯಲ್ಲಿ ಕುರ್ಚಿಗಳು ಸಾಲದೆ ಔಷಧಿ ಕೋಣೆಯಿಂದ ಸ್ಟೂಲು ತಂದೆವು. ಮೇಜಿನ ಆಚೆ ಡಾಕ್ಟರಮ್ಮ. ಈಚೆ ಅತ್ತೆ, ಪಕ್ಕದಲ್ಲಿ ಅವರ ಮಗ. ಚಪ್ಪಲಿಯ ಬಾರಿನಲ್ಲಿ ಏನೋ ಗಹನವಾದದ್ದು ಇದೆ ಎಂಬಂತೆ ಅವನು ಅದನ್ನೇ ನೋಡುತ್ತಿದ್ದ. ಸೊಸೆಗೆ ಅದೇ ದಿನ ಬಿಡುಗಡೆ. ಅವಳು ಮಗುವಿನೊಂದಿಗೆ ಸ್ಟೂಲಿನ ಮೇಲೆ. ನಾನು ರಿಜಿಸ್ಟರ್ ಎದೆಗವಚಿಕೊಂಡು ಗೋಡೆಗೆ ಆತು ನಿಂತಿದ್ದೆ. ದೊಡ್ಡಕ್ಕ ನಡುವೆ, ಕೈ ಕಟ್ಟಿಕೊಂಡು.

"ಹೇಳಿ" ಅಂದರು ಡಾಕ್ಟರಮ್ಮ. "ಇವರಿಗೆ ಏನು ಹೇಳಿದ್ರಿ? ಯಾಕೆ ಹೇಳಿದ್ರಿ?"

ದೊಡ್ಡಕ್ಕ ಸುಮ್ಮನಿದ್ದಳು.

"ಇವರ ಮತ ಯಾವುದು ಅಂತ ಚಾರ್ಟಲ್ಲಿ ಇರಲಿಲ್ವಾ?"

ಸುಮ್ಮನೆ.

"ನೋಡಿ, ಹೀಗೆ ಬಾಯಿ ಬಿಡದೆ ನಿಂತ್ರೆ ನಾನು ಏನೂ ಮಾಡೋಕಾಗಲ್ಲ. ಮೂವತ್ತು ವರ್ಷದಿಂದ ಇದ್ದೀರಿ. ಏನಾದ್ರೂ ಹೇಳಿ."

ಆಗ ದೊಡ್ಡಕ್ಕ ಕಟ್ಟಿದ ಕೈ ಬಿಚ್ಚಿದಳು. ಬಲಗೈ ಎತ್ತಿ, ಮಗುವನ್ನು ಎತ್ತಿಕೊಂಡು ಕೂತ ಸೊಸೆಯತ್ತ ತೋರಿಸಿದಳು. ಅಷ್ಟೇ.

ಮರದ ಕಥೆಯ ಕೊನೆ ನನಗೆ ಗೊತ್ತು, ಪರದೆಯ ಈಚೆ ನಿಂತು ನೂರು ಸಲ ಕೇಳಿದ್ದೇನೆ. ಆ ತಾಯಿ ಮಗುವನ್ನೆತ್ತಿಕೊಂಡು ಊರಿಗೆ ಬಂದಾಗ ಜನ ಸುತ್ತುಗಟ್ಟಿ, ಇದೇನು ಮಾಡಿದೆ ಎಂದು ಕೇಳುತ್ತಾರೆ. ಅವಳು ಮಾತಾಡುವುದಿಲ್ಲ, ಮಗುವಿನ ಕಡೆ ಕೈ ತೋರಿಸುತ್ತಾಳೆ. ದೊಡ್ಡಕ್ಕ ಬೇಕೆಂದೇ ಹಾಗೆ ಮಾಡಿದಳೇ ಎಂದು ಆಮೇಲೆ ಕೇಳಿದೆ. "ಎಂಥದ್ದೂ ಇಲ್ಲ. ಬಾಯಿ ತೆಗೆದ್ರೆ ನಿನ್ನ ಹೆಸರು ಬೀಳ್ತಿತ್ತು, ಅದಕ್ಕೆ ಕೈ ಎತ್ತಿದೆ" ಅಂದಳು.

ಎಲ್ಲರೂ ಸೊಸೆಯ ಕಡೆ ತಿರುಗಿದರು. ಅವಳು "ಹ್ಞೂಂ" ಅನ್ನುತ್ತಾಳೆ ಎಂದೇ ನಾನು ಎಣಿಸಿದ್ದೆ. ಅವಳು ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು.

"ಅತ್ತೆ" ಅಂದಳು. ದನಿ ಮೊದಲು ಒಡೆಯಿತು, ಮತ್ತೆ ಕೂಡಿಕೊಂಡಿತು. "ಸತ್ತು ಹೋಗಿದ್ರೆ ಚೆನ್ನಾಗಿತ್ತು ಅಂದಿದ್ದು ನಿಮ್ಮ ಮನೆಗೆ ಅಲ್ಲ. ನೋವಿಗೆ ಅಂದೆ. ಬೆಳಗ್ಗೆಯಿಂದ ಬಾಯಿ ಕಚ್ಕೊಂಡಿದ್ದೆ. ನೀವು ಹೇಳಿದ್ರಲ್ಲ, ಮಾತೆ ಒಂದು ಶಬ್ದ ಮಾಡ್ಲಿಲ್ಲ ಅಂತ. ನಾನು ಅವರ ಹಾಗೆ ಇಲ್ಲ, ನಾನು ಕೆಟ್ಟವಳು, ಅದಕ್ಕೇ ಮಗು ಬರ್ತಿಲ್ಲ ಅಂತ ಅನ್ನಿಸಿತ್ತು. ಇವರು ಬಂದು, ಅವಳೂ ಅತ್ತಳು, ನೀನೂ ಅಳು ಅಂದ್ರು. ನಾನೂ ಅತ್ತುಬಿಟ್ಟೆ."

"ಅದು ನಮ್ಮ ಕಥೆ ಅಲ್ಲಮ್ಮ" ಅಂದರು ಅತ್ತೆ.

"ಗೊತ್ತು ಅತ್ತೆ. ಆಗ್ಲೂ ಗೊತ್ತಾಯ್ತು, ನಾವು ಕೇಳಿದ್ದು ಇದಲ್ಲ ಅಂತ. ಆದ್ರೂ ನಿಲ್ಲಿಸಿ ಅನ್ಲಿಲ್ಲ. ನಿಜ ಹೇಳ್ಲಾ? ಚಿಕ್ಕಂದಿನಿಂದ ಆ ತಾಯಿ ಮುಂದೆ ಮೊಣಕಾಲೂರ್ತೀನಿ. ಪ್ರತಿ ಸಲ ಹೆದರಿಕೆನೇ ಆಗ್ತಿತ್ತು. ಆ ದಿನ ಮೊದಲನೇ ಸಲ ಪ್ರೀತಿ ಬಂತು."

ಮಗ ಚಪ್ಪಲಿಯಿಂದ ಕಣ್ಣೆತ್ತಿ, ಮನೆಗೆ ಬಂದ ಹೊಸಬರನ್ನು ನೋಡುವಂತೆ ಹೆಂಡತಿಯನ್ನು ನೋಡುತ್ತಿದ್ದ. ನಾಲ್ಕು ವರ್ಷದ ಸಂಸಾರದಲ್ಲಿ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವನೂ ಕೇಳಿರಲಿಲ್ಲವೇನೋ.

ಅವಳ ಮುಂದೆ ನಾನು ಎಷ್ಟು ಹೇಡಿ ಎಂದು ನನಗೇ ಅಸಹ್ಯವಾಯಿತು. "ಡಾಕ್ಟರೇ" ಅಂದೆ, ರಿಜಿಸ್ಟರ್ ಮೇಜಿನ ಮೇಲಿಟ್ಟು. "ಮಂಚ ಬದಲಾಯಿಸಿದ್ದು ನಾನು. ಫ್ಯಾನು ಕೆಟ್ಟಿತ್ತು. ಚಾರ್ಟು ಬದಲಾಯಿಸೋದು ಮರೆತೆ. ದೊಡ್ಡಕ್ಕ ಚಾರ್ಟು ನೋಡಿ ಕಥೆ ಹೇಳಿದ್ಲು. ತಪ್ಪು ಅವಳದ್ದಲ್ಲ. ನನ್ನದು."

ದೊಡ್ಡಕ್ಕ ನನ್ನ ಕಡೆ ತಿರುಗಿ ಹಲ್ಲು ಕಡಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. "ನಿಮ್ಮ ವಿಷಯ ಆಮೇಲೆ" ಅಂದರು. ಆಮೇಲೆ ಎಂದರೆ ಆಮೇಲೆಯೇ ಆಯಿತು. ಎರಡನೆಯ ಮೆಮೊ ಬಂತು, ಮೂರು ತಿಂಗಳು ಉಸ್ತುವಾರಿ ಹೋಯಿತು, ಕೆಲಸ ಹೇಗೋ ಉಳಿಯಿತು. ಈಗ ನಮ್ಮಲ್ಲಿ ಹೆರಿಗೆಗೆ ಬಂದವರ ಕೈಗೇ ಹೆಸರಿನ ಪಟ್ಟಿ ಕಟ್ಟುತ್ತಾರೆ. ಅದು ನನ್ನ ಕೊಡುಗೆ ಎಂದು ಯಾರಾದರೂ ಚುಚ್ಚಿದರೆ ನಾನು ತಲೆಯಾಡಿಸುತ್ತೇನೆ.

ಅತ್ತೆ ನನ್ನ ಮಾತನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಅವರು ದೊಡ್ಡಕ್ಕನನ್ನೇ ನೋಡುತ್ತಿದ್ದರು. ಆ ನೆಟ್ಟಗಿನ ಬೆನ್ನು ಸ್ವಲ್ಪ ಬಾಗಿತ್ತು.

"ಒಂದು ಮಾತು ಹೇಳಿ" ಅಂದರು. "ಅವರು ನಿಜವಾಗ್ಲೂ ಹಾಗೆ ಅತ್ರಾ?"

ದೊಡ್ಡಕ್ಕ ಈಗ ಬಾಯಿ ತೆರೆದಳು. "ನನ್ನ ಒಬ್ಬ ಅಜ್ಜಿ ಅತ್ರು ಅಂದ್ಲು. ಇನ್ನೊಬ್ಬ ಅಜ್ಜಿ ಇಲ್ಲ ಅಂದ್ಲು. ಇಬ್ರೂ ಸುಳ್ಳು ಹೇಳೋರಲ್ಲ ಅಮ್ಮ."

ಅತ್ತೆ ಎದುರಿಗಿದ್ದ ಯಾರಿಗೂ ಅಲ್ಲವೆಂಬಂತೆ, ಮೇಜಿನ ಅಂಚನ್ನು ನೋಡುತ್ತಾ ಹೇಳಿದರು.

"ನಾನು ಐದು ಹೆತ್ತಿದ್ದೀನಿ. ಐದು ಸಲಾನೂ ಬಾಯಿಗೆ ಬಟ್ಟೆ ತುರುಕಿಕೊಂಡು ಹೆತ್ತೆ. ನಮ್ಮಮ್ಮ ಬಾಗಿಲಲ್ಲಿ ನಿಂತಿರೋರು. ಇನ್ನೊಂದು ಕಥೆ ಇದೆ ಅಂತ ನನಗೆ ಯಾರೂ ಹೇಳ್ಲೇ ಇಲ್ಲ."

ಅವರು ಕೈ ಚಾಚಿ ಮೇಜಿನ ಮೇಲಿದ್ದ ಎರಡು ಪುಟದ ದೂರನ್ನು ಎತ್ತಿಕೊಂಡರು. ಡಾಕ್ಟರಮ್ಮನನ್ನು ಕೇಳಲೂ ಇಲ್ಲ. ನಾಲ್ಕಾಗಿ ಮಡಚಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಅಷ್ಟರಲ್ಲಿ ಹೆರಿಗೆ ಕೋಣೆಯ ಗಂಟೆ ಬಡಿಯಿತು, ಯಾರೋ ಹೊಸಬರು ಬಂದಿದ್ದರು. ದೊಡ್ಡಕ್ಕ ಅಭ್ಯಾಸಬಲದಿಂದ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು, ನೆನಪಾಗಿ ನಿಂತು, ಡಾಕ್ಟರಮ್ಮನ ಮುಖ ನೋಡಿದಳು.

"ನನ್ನ ಮುಖ ಏನು ನೋಡ್ತೀರಿ? ಹೋಗಿ" ಅಂದರು ಡಾಕ್ಟರಮ್ಮ. "ಅಲ್ಲಿ ಯಾರಿದ್ದಾರೆ ನಿಮ್ಮನ್ನ ಬಿಟ್ರೆ?"

ಐವತ್ತಾರರ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ನಾನೂ ಹಿಂದೆಯೇ ಹೊರಟೆ, ಆದರೆ ರಿಜಿಸ್ಟರ್ ಮರೆತಿದ್ದೆ. ತಿರುಗಿ ಬಂದಾಗ ಮಗ ಸಾಮಾನಿನ ಚೀಲಗಳನ್ನು ಎತ್ತಿಕೊಂಡು ಹೊರಗೆ ಹೋಗಿದ್ದ. ಅತ್ತೆ ಸೊಸೆಯ ಮುಂದೆ ನಿಂತಿದ್ದರು. ಮಗುವಿನ ಹೊದಿಕೆ ಸರಿಯಾಗಿಯೇ ಇತ್ತು, ಆದರೂ ಅದನ್ನು ಸರಿಪಡಿಸಿದರು. ಸೊಸೆಯ ಒಡೆದ ತುಟಿಯನ್ನು ನೋಡಿದರು.

"ತುಂಬಾ ನೋವಾಯ್ತೇನಮ್ಮ?" ಎಂದು ಕೇಳಿದರು.

"ಹೌದು ಅತ್ತೆ. ತುಂಬಾ."

"ನನಗೂ" ಅಂದರು ಅತ್ತೆ.